ಗಿರಿಜ ಚಿಕ್ಕಮ್ಮನ ಒಂಬತ್ತು ಗಂಟೆಯ ಬಿಸಿಲು

ಹುಣಸೆಹಣ್ಣಿನ ಬೀಜ ಬಿಡಿಸುತ್ತಾ ಕೂತಿದ್ದೆ. ಬೇಸಿಗೆಯಲ್ಲೇ ನಾರು ಬೀಜ ತೆಗೆದು, ಉಪ್ಪು ಬೆರೆಸಿ ಉಂಡೆ ಕಟ್ಟಿ ಜಾಡಿಗೆ ತುಂಬಿಬಿಟ್ಟರೆ ವರ್ಷವಿಡೀ ಸಾರಿನ ಚಿಂತೆಯಿಲ್ಲ. ಹತ್ತು ಬೆರಳಿಗೂ ಅಂಟು ಮೆತ್ತಿಕೊಂಡಿತ್ತು. ಅಷ್ಟು ಹೊತ್ತಿಗೆ ಸರಿಯಾಗಿ ಫೋನು ಬಡಿದುಕೊಳ್ಳತೊಡಗಿತು. ಮೊಣಕೈಯಿಂದ ಒತ್ತಿದೆ. ಈ ಕಾಲದ ಫೋನುಗಳು ಮೊಣಕೈಗೆ ಬಗ್ಗುವುದಿಲ್ಲ. ಕಡೆಗೆ ಬಗ್ಗಿ ಮೂಗಿನಿಂದ ಎಳೆದೆ, ಬಂತು. ಮೂಗಿನ ಉಪಯೋಗಗಳಲ್ಲಿ ಇದೂ ಒಂದು ಎಂದು ನನಗೆ ಐವತ್ತೆಂಟರಲ್ಲಿ ತಿಳಿಯಿತು.

"ಪಾರೂ, ಛತ್ರ ಕೆಡವ್ತಾರಂತೆ ಕಣೇ."

ಹಳೇಬೀಡಿನ ಗಿರಿಜ ಚಿಕ್ಕಮ್ಮ. ನನ್ನ ತಾಯಿಯ ತಂಗಿ. ಅವರು ಹೇಳಿದ ಛತ್ರ ನಮ್ಮ ತಾಯಿಯ ಕಡೆಯ ವ್ಯಾಪಾರಸ್ಥರೆಲ್ಲ ಸೇರಿ ಯಾವ ಕಾಲದಲ್ಲೋ ಕಟ್ಟಿಸಿದ್ದು. ಕೆರೆಯ ಕಡೆ ಹೋಗುವ ಓಣಿಯಲ್ಲಿದೆ, ಅಲ್ಲ, ಇತ್ತು. ಮಣ್ಣಿನ ಗೋಡೆ, ಹೆಂಚಿನ ಮಾಡು, ನಡುವೆ ಆಕಾಶಕ್ಕೆ ತೆರೆದುಕೊಂಡ ತೊಟ್ಟಿ, ತೊಟ್ಟಿಯ ಸುತ್ತ ಮರದ ಕಂಬಗಳ ಜಗಲಿ, ಪಡುವಲ ಜಗಲಿಗೆ ಅಂಟಿಕೊಂಡು ಶಿವನ ಒಂದು ಪುಟ್ಟ ಕೋಣೆ. ಚಿಕ್ಕಪ್ಪ ತೀರಿಕೊಂಡ ಮೇಲೆ ಚಿಕ್ಕಮ್ಮ ಆ ಛತ್ರವನ್ನು ಗುಡಿಸಿ, ಸಾರಿಸಿ, ಶಿವನಿಗೆ ದೀಪ ಹಚ್ಚುವ ಕೆಲಸ ಹಿಡಿದರು. ನಲವತ್ತು ವರ್ಷದ ಮೇಲಾಯಿತು. ಯಾರೂ ಹೇಳಿದ್ದಲ್ಲ, ಯಾರೂ ಬೇಡವೆಂದೂ ಇಲ್ಲ.

ಗೋಡೆ ಒಂದು ಕಡೆ ಕುಸಿದಿತ್ತು, ತೊಲೆಗೆ ಗೆದ್ದಲು ಹಿಡಿದಿತ್ತು. ಮುಂದಿನ ಬುಧವಾರ ಕಡೆಯ ಪೂಜೆ, ಊಟ. ಅವತ್ತೇ ಶಿವನನ್ನು ಛತ್ರದ ಹಿರಿಯರಾದ ಶಾಂತಪ್ಪನವರ ಮನೆಗೆ ಕರೆದೊಯ್ಯುವುದು. ಗುರುವಾರ ಬೆಳಿಗ್ಗೆ ಹೆಂಚು ಇಳಿಸುವುದು. ಹೊಸ ಕಟ್ಟಡ ಆರ್‌ಸಿಸಿ. ಇಷ್ಟನ್ನೂ ಒಂದೇ ಉಸಿರಿನಲ್ಲಿ ಹೇಳಿ ಚಿಕ್ಕಮ್ಮ ಉಸಿರೆಳೆದುಕೊಂಡರು. ಆಮೇಲೆ, "ನೀನು ಗೋಡೆ, ಬಾಗಿಲು ಅಂತ ಏನೇನೋ ಫೋಟೋ ತೆಗೀತೀಯಂತಲ್ಲ. ಆ ಒಂಬತ್ತು ಗಂಟೆ ಬಿಸಿಲು ಒಂದು ಹಿಡ್ಕೊಡ್ತೀಯೇನೇ?" ಎಂದರು.

ನನಗೆ ಬುದ್ಧಿ ತಿಳಿದಾಗಿನಿಂದ ಚಿಕ್ಕಮ್ಮ ಯಾರನ್ನೂ ಏನನ್ನೂ ಕೇಳಿದವರಲ್ಲ. ಹಬ್ಬಕ್ಕೆ ಸೀರೆ ಕೊಟ್ಟರೂ "ಇದ್ಯಾಕೆ ತಂದೆ" ಎಂದು ಬೈಯುವವರು.

ಆ ಬಿಸಿಲಿನ ವಿಷಯ ಹೇಳಬೇಕು. ಬೆಳಿಗ್ಗೆ ಸೂರ್ಯ ಮೂಡಣ ಮಾಡನ್ನು ದಾಟಿ ಮೇಲೆ ಬಂದಾಗ ತೊಟ್ಟಿಯ ಮೂಲಕ ಶಿವನ ಕೋಣೆಯ ಬಾಗಿಲ ಮೇಲೆ ಒಂದು ಪಟ್ಟಿ ಬಿಸಿಲು ಬೀಳುತ್ತದೆ. ಮೊದಲು ಬಾಗಿಲವಾಡದ ನೆತ್ತಿಯ ಮೇಲೆ. ಸೂರ್ಯ ಏರಿದಂತೆ ಅದು ಇಳಿಯುತ್ತಾ ಇಳಿಯುತ್ತಾ ಒಂಬತ್ತರ ಸುಮಾರಿಗೆ ಹೊಸ್ತಿಲ ಕಲ್ಲಿನ ಮೇಲೆ ಬಂದು ಕೂರುತ್ತದೆ. ಕಾಲು ಗಂಟೆ ಇದ್ದು ಜಗಲಿಗೆ ಇಳಿದು ಹೊರಟುಹೋಗುತ್ತದೆ. ಚಿಕ್ಕಮ್ಮ ಅದು ಹೊಸ್ತಿಲಿಗೆ ಬರುವವರೆಗೆ ಹೂವು ಇಡುತ್ತಿರಲಿಲ್ಲ. ಒಳಗೆ ದೀಪ ಹಚ್ಚಿ, ವಿಭೂತಿ ಇಟ್ಟು, ಹೂವಿನ ಬುಟ್ಟಿ ಹಿಡಿದು ಹೊಸ್ತಿಲ ಪಕ್ಕ ಕಾಯುತ್ತಾ ನಿಲ್ಲುವುದು. ಬಿಸಿಲು ಬಂತೋ, ಹೊಸ್ತಿಲಿಗೊಂದು ಹೂವು, ಒಳಗೆ ಶಿವನಿಗೊಂದು. ಮೋಡದ ದಿನ ಏನು ಮಾಡುತ್ತೀರಿ ಎಂದು ಚಿಕ್ಕವಳಿದ್ದಾಗ ಕೇಳಿದ್ದೆ. "ಅವತ್ತು ಅವನೂ ಹಿಂದಿನ ದಿನದ ಹೂವಲ್ಲೇ ಇರ್ತಾನೆ, ನಮ್ಮನೇಲಿ ತಂಗಳು ಉಣ್ಣೋದಿಲ್ವೇ" ಎಂದಿದ್ದರು.

ಇನ್ನು ನನ್ನ ಫೋಟೋ ಹುಚ್ಚು. ಇದು ಕಲೆಯಿಂದ ಬಂದದ್ದಲ್ಲ, ಕೆಟ್ಟುಹೋದ ಫ್ಲಾಷಿನಿಂದ ಬಂದದ್ದು. ಅರೇಹಳ್ಳಿಗೆ ಕೊಟ್ಟ ನನ್ನ ಮಗಳು ತನ್ನ ಹಳೆಯ ಫೋನನ್ನು ನನಗೆ ದಾಟಿಸಿದಳು. ಅದು ಅವರ ಕಾಫಿ ಕಣದಲ್ಲಿ ಬಿದ್ದು ಫ್ಲಾಷು ಸತ್ತಿತ್ತು. ಮನೆಯೊಳಗೆ ಯಾರನ್ನು ತೆಗೆದರೂ ಕರ್ರಗೆ ಬರುತ್ತಿದ್ದರು. ಮನುಷ್ಯರು ಕಪ್ಪಗೆ ಬಂದರೆ ಜಗಳವಾಗುತ್ತದೆ, ಗೋಡೆ ಕಪ್ಪಗೆ ಬಂದರೆ ಗೋಡೆ ಏನೂ ಅನ್ನುವುದಿಲ್ಲ. ಹಾಗೆ ಬೆಳಕಿದ್ದ ಕಡೆ ಹೋಗಿ ಗೋಡೆಗಳನ್ನು ತೆಗೆಯತೊಡಗಿದೆ. ನಮ್ಮ ಅರಸೀಕೆರೆಯ ಶಿವಾಲಯದ ದುಂಡು ಮಂಟಪಕ್ಕೆ ನಾನು ಮೂವತ್ತು ವರ್ಷದಿಂದ ಸೋಮವಾರ ಸೋಮವಾರ ಹೋಗುತ್ತಿದ್ದೇನೆ. ಅದರ ಕಂಬಗಳಿಗೆ ಬೆಳಗಿನ ಎಳೆಬಿಸಿಲು ಒಂದು ಮಗ್ಗುಲಿಗೆ ಮಾತ್ರ ತಗಲುತ್ತದೆ, ಇನ್ನೊಂದು ಮಗ್ಗುಲು ನಿದ್ದೆಯಲ್ಲಿರುತ್ತದೆ ಎಂದು ಕಂಡದ್ದು ಫೋನು ಬಂದ ಮೇಲೆ. ಅಲ್ಲಿಯವರೆಗೆ ದೇವರನ್ನು ನೋಡಲು ಹೋಗುತ್ತಿದ್ದೆ, ಕಂಬಕ್ಕೆ ಬೆನ್ನು ಒರಗಿಸುತ್ತಿದ್ದೆ, ಅಷ್ಟೆ.

ಮನೆಯವರು ನಗುತ್ತಾರೆ. ತೆಂಗಿನಕಾಯಿ ವ್ಯಾಪಾರದವರು ಅವರು. "ಜನ ಮುಖ ತೆಗೀತಾರೆ, ಇವಳು ಗಾರೆ ತೆಗೀತಾಳೆ" ಎಂದು ಬಂದವರಿಗೆಲ್ಲ ಹೇಳುತ್ತಾರೆ. ಒಮ್ಮೆ ಬೇಲೂರಿನ ರಥಬೀದಿಯ ಹಿಂದಿನ ಓಣಿಯ ಒಂದು ಹಳೆಯ ಮನೆಯ ಬಾಗಿಲನ್ನು, ಮಧ್ಯಾಹ್ನದ ಓರೆ ಬಿಸಿಲಿನಲ್ಲಿ, ಅರ್ಧ ಗಂಟೆ ಕಾದು ತೆಗೆದು, ನಮ್ಮ ಭಜನೆ ಗುಂಪಿನ ವಾಟ್ಸಾಪಿಗೆ ಹಾಕಿದೆ. ಒಬ್ಬರು ಕೈ ಮುಗಿದರು. ಒಬ್ಬರು "ಶುಭೋದಯ" ಎಂದರು. ಇನ್ನೊಬ್ಬರು "ಮಾರಾಟಕ್ಕಿದೆಯಾ, ಎಷ್ಟು ಚದರ?" ಎಂದು ಕೇಳಿದರು.

ನಮ್ಮ ಬಾಲ್ಯದಲ್ಲಿ ಬೆಳಕೆಂದರೆ ಶಿಕ್ಷೆ. ಶಾಲೆಯಿಂದ ಬೇಲೂರಿಗೆ ಕರೆದುಕೊಂಡು ಹೋದಾಗ ದೇವಸ್ಥಾನದ ಅಂಗಳದಲ್ಲಿ ನಿಲ್ಲಿಸಿ ಗುಂಪು ಫೋಟೋ ತೆಗೆಸಿದರು. ಫೋಟೋದವನು "ಬಿಸಿಲು ಮುಖಕ್ಕೆ ಬೀಳ್ಬೇಕು, ಎಲ್ಲಾ ಈ ಕಡೆ ತಿರುಗ್ರಮ್ಮ" ಎಂದು ಸೂರ್ಯನಿಗೆ ಎದುರಾಗಿ ನಿಲ್ಲಿಸಿದ. ಕಾದ ಕಲ್ಲಿನ ಮೇಲೆ ಬರಿಗಾಲು. ಆ ಫೋಟೋದಲ್ಲಿ ನಾವು ನಲವತ್ತು ಹುಡುಗಿಯರೂ ಏನೋ ಹುಳಿ ತಿಂದವರ ಹಾಗೆ ಕಣ್ಣು ಕಿವುಚಿಕೊಂಡಿದ್ದೇವೆ. ನಮ್ಮ ಹಿಂದೆ ಗೋಡೆಯ ಮೇಲಿನ ಶಿಲಾಬಾಲಿಕೆಯರು ಮಾತ್ರ ಆರಾಮಾಗಿ ಕನ್ನಡಿ ನೋಡಿಕೊಂಡಿದ್ದಾರೆ. ಅವರಿಗೆ ಸೂರಿನ ನೆರಳಿತ್ತು.

ಕಥೆ ಎಲ್ಲೋ ಹೋಯಿತು. ಚಿಕ್ಕಮ್ಮ ಕೇಳಿದ ಮರುದಿನವೇ ನಾನು ಹಳೇಬೀಡಿನ ಬಸ್ಸು ಹತ್ತಬೇಕಿತ್ತು. ಬುದ್ಧಿ ಇದ್ದವರು ಹಾಗೆ ಮಾಡುತ್ತಿದ್ದರು. ನಾನು ಲೆಕ್ಕ ಹಾಕಿದೆ: ಹುಣಸೆಹಣ್ಣು ಅರ್ಧಕ್ಕೆ ಬಿಡುವ ಹಾಗಿಲ್ಲ, ಹೇಗೂ ಬುಧವಾರ ಪೂಜೆಗೆ ಹೋಗಲೇಬೇಕು, ಅವತ್ತೇ ಬೆಳಿಗ್ಗೆ ಮೊದಲ ಬಸ್ಸಿಗೆ ಹೋದರೆ ಬಿಸಿಲೂ ಆಯಿತು, ಪೂಜೆಯೂ ಆಯಿತು. ಬೇಸಿಗೆಯ ಬಿಸಿಲು ಎಲ್ಲಿಗೆ ಓಡಿಹೋಗುತ್ತದೆ? ಆ ರಾತ್ರಿ ಊಟಕ್ಕೆ ಬಡಿಸುವಾಗ ಮನೆಯವರಿಗೂ ಹೇಳಿದೆ, "ಛತ್ರದ ಕಡೇ ಪೂಜೆಯಂತೆ, ನಮ್ಮ ಕಡೆಯಿಂದ ಏನಾದ್ರೂ ಸೇವೆ ಆಗ್ಲಿ." "ಆಗ್ಲಿ ಬಿಡು" ಎಂದರು. ಏನು ಸೇವೆ ಎಂದು ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ನಮ್ಮ ಸಂಸಾರ ಹೀಗೆಯೇ ನಡೆದುಕೊಂಡು ಬಂದಿದೆ.

ಬುಧವಾರ ಜಾವಗಲ್ ದಾರಿಯ ಬಸ್ಸಿನಲ್ಲಿ ಕಿಟಕಿ ಸೀಟೇ ಸಿಕ್ಕಿತು. ಆಕಾಶದಲ್ಲಿ ಒಂದು ಚೂರು ಮೋಡವಿಲ್ಲ. ಶಿವಾ ಎಂದೆ. ಎಂಟೂ ಕಾಲಿಗೆ ಛತ್ರದ ಬಾಗಿಲಲ್ಲಿದ್ದೆ. ಒಳಗೆ ಕಾಲಿಟ್ಟವಳು ಅಲ್ಲೇ ನಿಂತುಬಿಟ್ಟೆ. ತೊಟ್ಟಿ ಕತ್ತಲಾಗಿತ್ತು. ತಲೆಯೆತ್ತಿದರೆ ಆಕಾಶವಿಲ್ಲ. ತೊಟ್ಟಿಯ ಉದ್ದಗಲಕ್ಕೆ ಬೊಂಬು ಕಟ್ಟಿ, ದಟ್ಟವಾಗಿ ಹಸಿರು ತೆಂಗಿನ ಗರಿಯ ಚಪ್ಪರ ಹಾಕಿದ್ದರು.

ಶಾಂತಪ್ಪನವರು ಶಲ್ಯ ಸರಿಮಾಡಿಕೊಳ್ಳುತ್ತಾ ಎದುರಿಗೆ ಬಂದರು. "ಬಾಮ್ಮ ಪಾರ್ವತಿ. ನೋಡು, ಹೆಂಗೈತೆ ಚಪ್ಪರ? ಅರಸೀಕೆರೆಯಿಂದ ಫೋಟೋ ತೆಗೆಯೋಕೆ ಬತ್ತಾಳೆ ಅಂತ ಗಿರಿಜಕ್ಕ ಅಂದ್ರು. ಬಿಸಿಲಲ್ಲಿ ನಿಲ್ಸೋಕಾಯ್ತದಾ ನಿನ್ನ? ಅಷ್ಟೊತ್ತಿಗೆ ನಿಮ್ಮನೆಯವರೇ ಒಂದು ಲೋಡು ಗರಿ ಕಳಿಸವ್ರೆ. ಪುಣ್ಯಾತ್ಮರು!"

ಆ ಪುಣ್ಯಾತ್ಮರಿಗೆ ಸೇವೆ ಮಾಡಿ ಎಂದವಳು ನಾನೇ.

"ಚಪ್ಪರ ಬಹಳ ಚೆನ್ನಾಗಿದೆ ಅಣ್ಣ. ಆದ್ರೆ ಬಿಸಿಲು ಒಳಗೆ ಬರಬೇಕಿತ್ತು. ಸ್ವಲ್ಪ ಹೊತ್ತು ತೆಗೆಸೋಕಾಗುತ್ತಾ?"

ಶಾಂತಪ್ಪನವರ ಮುಖ ಬದಲಾಯಿತು. "ಏನಮ್ಮ ನೀನು ತಿಳಿದೋಳು. ಪೂಜೆಗೆ ಹಾಕಿದ ಚಪ್ಪರ ಪೂಜೆ ಮುಗಿಯೋಗಂಟ ತೆಗೀತಾರಾ? ಲೈಟ್ ಹಾಕ್ಸ್ತೀನಿ ತಡಿ, ಜಗ್ ಅಂತ ಬತ್ತದೆ ಫೋಟೋ."

ಅವರು ಹೇಳಿದ್ದರಲ್ಲಿ ತಪ್ಪಿಲ್ಲ. ನಮ್ಮ ಮನೆಯ ಮದುವೆಯಲ್ಲಿ ಯಾರಾದರೂ ಧಾರೆಗೆ ಮುಂಚೆ ಚಪ್ಪರದ ಗರಿ ಎಳೆದಿದ್ದರೆ ನಾನೇ ಕೈ ಹಿಡಿದು ನಿಲ್ಲಿಸುತ್ತಿದ್ದೆ. ಚಿಕ್ಕಮ್ಮನ ಕಡೆ ನೋಡಿದೆ. ಬಿಳಿ ಸೀರೆ ಸೆರಗು ಹೊದ್ದು ಶಿವನ ಕೋಣೆಯ ಬಾಗಿಲಲ್ಲಿ ಬುಟ್ಟಿ ಹಿಡಿದು ನಿಂತಿದ್ದರು.

ಅಡಿಗೆಗೆ ಬಂದಿದ್ದ ಹೆಂಗಸರಿಗೆ ವಿಷಯ ತಿಳಿಯಿತು. ಹಿಂದೆಲ್ಲ ಇಲ್ಲೇ ದೊಡ್ಡ ಗುಡಿಯಲ್ಲಿ ಗೈಡುಗಳು ಹೊರಗೆ ಕನ್ನಡಿ ಹಿಡಿದು ಒಳಗಿನ ಕೆತ್ತನೆಗೆ ಬಿಸಿಲು ಬಿಡುತ್ತಿದ್ದರು ಎಂದು ನಾನು ಬಾಯಿ ತಪ್ಪಿ ಹೇಳಿದೆ. ಅಷ್ಟೇ ಸಾಕಾಯಿತು. ಪಲ್ಯ ಹೆಚ್ಚುವುದನ್ನು ಬಿಟ್ಟು ಮೂವರು ಸ್ಟೀಲಿನ ಹರಿವಾಣ ಹಿಡಿದು ಹಿತ್ತಲಿಗೆ ಓಡಿದರು. ಬಾಗಿಲಿನಿಂದ ಬೆಳಕು ಬಂತು. ಬಂದು, ಗೋಡೆ ಮೇಲೆ, ತೊಲೆ ಮೇಲೆ, ಶಾಂತಪ್ಪನವರ ಬೋಳುತಲೆ ಮೇಲೆ ಕುಣಿಯಿತು. "ಕೆಳಕ್ಕೆ, ಕೆಳಕ್ಕೆ! ಅಯ್ಯೋ, ಅದು ಅವರ ಹೊಟ್ಟೆ ಕಣೇ!" ಎಂದು ಒಬ್ಬರಿಗೊಬ್ಬರು ಕೂಗಿಕೊಂಡು ನಕ್ಕರು. ಕಡೆಗೂ ಒಂದು ಬೆಳಕಿನ ಬಿಲ್ಲೆ ನಡುಗುತ್ತಾ ಹೊಸ್ತಿಲಿಗೆ ಬಂತು.

ಚಿಕ್ಕಮ್ಮ ಅದನ್ನು ನೋಡಿದರು. "ಇದಲ್ಲ ಕಣೇ ಪಾರೂ" ಎಂದರು, ಮೆಲ್ಲಗೆ. ಹೂವು ಇಡಲಿಲ್ಲ.

ಒಂಬತ್ತಾಯಿತು. ಪೂಜೆಗೆ ಬಂದ ಐನೋರು ಗಂಟೆ ಕೈಗೆತ್ತಿಕೊಂಡು, "ಹೂವು ಇಡಿ ತಾಯಿ, ಶುರು ಮಾಡಾಣ" ಎಂದರು. ಚಿಕ್ಕಮ್ಮ ಅಲುಗಲಿಲ್ಲ. ಹಟವೂ ಇಲ್ಲ, ಅಳುವೂ ಇಲ್ಲ, ಕೈ ಮಾತ್ರ ಬುಟ್ಟಿಗೆ ಹೋಗಲಿಲ್ಲ. ಜಗಲಿಯ ತುಂಬ ಕೂತಿದ್ದ ಜನ ಒಬ್ಬೊಬ್ಬರಾಗಿ ಮಾತು ನಿಲ್ಲಿಸಿದರು. ಬೇರೆ ಬೇರೆ ಊರುಗಳಿಗೆ ಹೋಗಿ ನೆಲೆಸಿದವರು ಅವರು; ಅವರಲ್ಲಿ ಅರ್ಧ ಜನಕ್ಕೆ ಈ ಬಿಸಿಲಿನ ವಿಷಯವೇ ಗೊತ್ತಿರಲಿಲ್ಲ.

ಶಾಂತಪ್ಪನವರು ಚಿಕ್ಕಮ್ಮನನ್ನು ನೋಡಿದರು, ಚಪ್ಪರ ನೋಡಿದರು, ಮತ್ತೆ ಚಿಕ್ಕಮ್ಮನನ್ನು ನೋಡಿದರು. ಆಮೇಲೆ ಮೂಲೆಯಲ್ಲಿ ಒರಗಿಸಿದ್ದ ಉದ್ದನೆಯ ಬಿದಿರಿನ ಗಳು ಎತ್ತಿಕೊಂಡರು. "ತೆಗೀಬಾರ್ದು ಅಂತ ಐತೆ. ಸರಿಸಬಾರ್ದು ಅಂತ ಯಾರೂ ಹೇಳಿಲ್ಲ" ಎಂದು ಯಾರಿಗೂ ಅಲ್ಲದ ಹಾಗೆ ಹೇಳಿ, ಮೂಡಣ ಅಂಚಿನ ಗರಿಗಳನ್ನು ತಾವೇ ಗಳುವಿನಿಂದ ಪಕ್ಕಕ್ಕೆ ದೂಡಿದರು.

ಬಿಸಿಲು ಬಂತು. ಕರಿ ಕಲ್ಲಿನ ಹೊಸ್ತಿಲ ಮೇಲೆ, ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ, ಕೊಂಚವೂ ನಡುಗದೆ. ಕಲ್ಲಿನ ನಡುವೆ ಕಾಲು ತುಳಿದು ತುಳಿದು ಸವೆದ ತಗ್ಗು ತುಂಬಿಕೊಂಡ ಹಾಗೆ ಕಂಡಿತು. ಚಿಕ್ಕಮ್ಮ ಬಗ್ಗಿ ಒಂದು ಕಣಗಿಲೆ ಹೂವು ಇಟ್ಟರು. ಗಂಟೆ ಮೊಳಗಿತು. ಎಲ್ಲರೂ ಎದ್ದು ನಿಂತು ಕೈ ಮುಗಿದರು.

ನಾನೂ ಮುಗಿದೆ.

ಅದೇ ಆದದ್ದು. ಕಣ್ಣು ತುಂಬಿ ಬಂದಿತ್ತು, ಗಂಟೆಯ ಸದ್ದು ಕೇಳಿದರೆ ಈ ಕೈಗಳಿಗೆ ಐವತ್ತೆಂಟು ವರ್ಷದ ರೂಢಿ. ಮಂಗಳಾರತಿ ಮುಗಿದು ಕಣ್ಣು ಬಿಟ್ಟಾಗ ಫೋನು ನನ್ನ ಎರಡು ಅಂಗೈಗಳ ನಡುವೆ ಬೆಚ್ಚಗೆ ಕೂತಿತ್ತು, ಬಿಸಿಲು ಹೊಸ್ತಿಲಿನಿಂದ ಇಳಿದು ಜನರ ಕಾಲುಗಳ ನಡುವೆ ಎಲ್ಲೋ ಕಳೆದುಹೋಗಿತ್ತು.

ಊಟವಾಯಿತು. ಶಿವನನ್ನು ಶಾಂತಪ್ಪನವರ ಮನೆಗೆ ಬಿಟ್ಟು ಬಂದೆವು. ಆಗ ಚಿಕ್ಕಮ್ಮ ಪಕ್ಕಕ್ಕೆ ಬಂದು, ನಾಚಿಕೊಂಡವರ ಹಾಗೆ, "ಹಿಡಿದ್ಯೇನೇ?" ಎಂದರು.

ಹೂಂ ಅನ್ನಬಹುದಿತ್ತು. ಯಾವುದೋ ಬಾಗಿಲು, ಯಾವುದೋ ಬಿಸಿಲು ತೋರಿಸಬಹುದಿತ್ತು. ನನ್ನ ಫೋನಿನ ತುಂಬ ಅಂಥವೇ ಇವೆ. ಬಾಯಿ ಬರಲಿಲ್ಲ. "ಇಲ್ಲ ಚಿಕ್ಕಮ್ಮ. ಕೈ ಮುಗಿದುಬಿಟ್ಟೆ" ಎಂದೆ.

ಅವರು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು. ಬೈದಿದ್ದರೆ ನೆಮ್ಮದಿಯಾಗುತ್ತಿತ್ತು. ಆಮೇಲೆ, "ಹೋಗ್ಲಿ ಬಿಡು, ಕೈ ಮುಗಿಯೋದು ತಪ್ಪಲ್ಲ" ಎಂದು ಎಲೆ ಎತ್ತಿದ ಜಾಗವನ್ನು ಸಾರಿಸಲು ಹೋದರು. ನಾಳೆ ಹೆಂಚು ಇಳಿಯುವ ನೆಲವನ್ನು ಅವರು ಮೂಲೆ ಮೂಲೆ ಬಿಡದೆ ಸಾರಿಸಿದರು.

ನಾನು ಶಾಂತಪ್ಪನವರ ಮನೆಗೆ ಹೋದೆ. ಯಾರ ಮುಂದೆಯೂ ಹಾಗೆ ಬೇಡಿಕೊಂಡವಳಲ್ಲ. ಚಪ್ಪರ ಇವತ್ತೇ ಬಿಚ್ಚಿಸಬೇಕು, ನಾಳೆ ಹೆಂಚು ಇಳಿಸುವವರು ಅಡಿಗೆಮನೆ ಕಡೆಯಿಂದ ಶುರು ಮಾಡಬೇಕು, ಮೂಡಣ ಮಾಡನ್ನು ಹತ್ತು ಗಂಟೆಯವರೆಗೆ ಮುಟ್ಟಬಾರದು, ಇಷ್ಟು ಕೇಳಿದೆ. ಅವರು ಎಲೆ ಅಡಿಕೆ ಹಾಕಿಕೊಳ್ಳುತ್ತಾ ಕೇಳಿಸಿಕೊಂಡರು. "ಒಳಗೆ ಶಿವನೇ ಇಲ್ವಲ್ಲಮ್ಮ ಈಗ" ಎಂದರು.

"ಬಿಸಿಲಿಗೆ ಅದು ಗೊತ್ತಿಲ್ವಲ್ಲ ಅಣ್ಣ" ಎಂದೆ.

ಶಾಂತಪ್ಪನವರು ನಕ್ಕುಬಿಟ್ಟರು. "ಆಯ್ತು ಹೋಗು. ಹತ್ತು ಗಂಟೆ ಅಂದ್ರೆ ಹತ್ತು ಗಂಟೆ."

ಇವತ್ತು ಬರುವುದಿಲ್ಲ ಎಂದು ಮನೆಗೆ ಫೋನು ಮಾಡಿದೆ. "ಚಪ್ಪರ ಹೆಂಗಿತ್ತೇ?" ಎಂದು ಕೇಳಿದರು. "ಎಲ್ಲರೂ ಹೊಗಳಿದ್ರು" ಎಂದೆ. ಅದು ನಿಜ. ಉಳಿದದ್ದನ್ನು ಇವತ್ತಿನವರೆಗೂ ಹೇಳಿಲ್ಲ. ಇದನ್ನು ಓದಿದರೆ ಗೊತ್ತಾಗುತ್ತದೆ. ಆಮೇಲೆ ಅವರು ಮೊಸರು ಎಲ್ಲಿದೆ ಎಂದು ಕೇಳಿದರು, ನಾನು ಫ್ರಿಜ್ಜಿನಲ್ಲಿ ಎಂದೆ, ಫ್ರಿಜ್ಜಿನಲ್ಲಿ ಎಲ್ಲಿ ಎಂದು ಕೇಳಿದರು.

ಗುರುವಾರ ಎಂಟೂವರೆಗೆ ಚಿಕ್ಕಮ್ಮ, ನಾನು, ಇಬ್ಬರೇ ಜಗಲಿಯಲ್ಲಿ ಕೂತೆವು. ಚಿಕ್ಕಮ್ಮ ರೂಢಿಯ ಹಾಗೆ ಹೂವಿನ ಬುಟ್ಟಿ ತಂದಿದ್ದರು. ಕೋಣೆ ಬರಿದಾಗಿತ್ತು. ಅಡಿಗೆಮನೆಯ ಮಾಡಿನ ಮೇಲೆ ಕೆಲಸದವರು ಹತ್ತಿದರು. ಹೆಂಚು ಕೀಳುವ ಸದ್ದು, ಒಬ್ಬರಿಂದೊಬ್ಬರಿಗೆ ದಾಟಿಸುವ ಸದ್ದು, ಮುರಿದದ್ದನ್ನು ಕೆಳಗೆ ಎಸೆಯುವ ಸದ್ದು. ನೂರು ವರ್ಷದ ಹೊಗೆ ಮಸಿ, ಗೆದ್ದಲು ಮಣ್ಣು, ಹೆಂಚಿನ ಪುಡಿ ಎಲ್ಲ ಸೇರಿ ಧೂಳು ಮೋಡದ ಹಾಗೆ ತೊಟ್ಟಿಗೆ ಇಳಿಯಿತು. ನಾನು ಸೆರಗಿನಿಂದ ಮೂಗು ಮುಚ್ಚಿಕೊಂಡೆ. ಇಷ್ಟು ಕಷ್ಟಪಟ್ಟು ಹತ್ತು ಗಂಟೆ ಸಂಪಾದಿಸಿಕೊಂಡರೆ ಈ ಧೂಳಿನಲ್ಲಿ ಏನು ಕಂಡೀತು ಎಂದುಕೊಂಡೆ. ಚಿಕ್ಕಮ್ಮ ಎದ್ದು ಪೊರಕೆ ಹುಡುಕತೊಡಗಿದರು. ಕೈ ಹಿಡಿದು ಕೂರಿಸಿದೆ.

ಅಷ್ಟರಲ್ಲಿ ಸೂರ್ಯ ಮಾಡು ದಾಟಿದ.

ಮೂಡಣ ಸೂರಿನಿಂದ ಶಿವನ ಕೋಣೆಯ ಬಾಗಿಲಿನವರೆಗೆ ಬಿಸಿಲು ಓರೆಯಾಗಿ, ಇಡಿಯಾಗಿ ಕಂಡಿತು. ಹೊಸ್ತಿಲ ಮೇಲೆ ಬಿದ್ದ ಬೆಳಕು ಮಾತ್ರವಲ್ಲ, ಅಲ್ಲಿಯವರೆಗೆ ಅದು ನಡೆದುಬರುವ ದಾರಿ. ಕೈಯಿಂದ ಮುಟ್ಟಬಹುದು ಅನ್ನಿಸುವಷ್ಟು ಗಟ್ಟಿಯಾಗಿ, ಧೂಳಿನ ಕಣ ಕಣವೂ ಅದರೊಳಗೆ ಹೊರಳುತ್ತಾ, ಅಂಚು ಕತ್ತರಿಸಿಟ್ಟ ಹಾಗೆ. ಬಾಗಿಲ ಮೇಲಿನಿಂದ ಅದು ಇಂಚಿಂಚೇ ಇಳಿಯಿತು. ನಾನು ಈ ಸಲ ಕೈ ಮುಗಿಯಲಿಲ್ಲ. ಶಿವ ಕ್ಷಮಿಸಲಿ, ಒಂದರ ಮೇಲೊಂದು ತೆಗೆದೆ. ಹೊಸ್ತಿಲಿಗೆ ಬಂದಾಗ ಚಿಕ್ಕಮ್ಮ ಎದ್ದು ಹೂವು ಇಟ್ಟರು, ಅದನ್ನೂ ತೆಗೆದೆ.

ಹತ್ತಿರ ಕೂರಿಸಿಕೊಂಡು ತೋರಿಸಿದೆ. ಫೋನನ್ನು ಮಾರುದೂರ ಹಿಡಿದು ನೋಡಿದರು. ಬೆರಳು ತಗಲಿ ಚಿತ್ರ ಹಾರಿಹೋಗಿ ನಮ್ಮ ಮನೆಯ ಉಪ್ಪಿನಕಾಯಿ ಜಾಡಿ ಬಂತು. ಮತ್ತೆ ತಂದುಕೊಟ್ಟೆ. ಬಹಳ ಹೊತ್ತು ನೋಡಿ, "ನಲವತ್ತು ವರ್ಷದಲ್ಲಿ ಹಿಂಗೆ ಒಂದಿನಾನೂ ಕಂಡಿರ್ಲಿಲ್ಲ ಕಣೇ ಇದು" ಎಂದರು. ತೊಟ್ಟಿಯಲ್ಲಿ ಹೊರಳುತ್ತಿದ್ದ ಧೂಳನ್ನು ನೋಡಿದರು, ತಮ್ಮ ಕೈ ನೋಡಿಕೊಂಡರು. "ನಾನು ದಿನಾ ಗುಡಿಸಿಬಿಡ್ತಿದ್ನಲ್ಲ."

ಹೇಳಿ ಅವರೇ ನಕ್ಕರು. ಆ ನಗು ಎಂಥದೆಂದು ನಾನು ಇನ್ನೂ ಯೋಚಿಸುತ್ತಿದ್ದೇನೆ. ಹತ್ತು ಗಂಟೆಗೆ ಕೆಲಸದವರು ಮೂಡಣ ಮಾಡಿಗೆ ಏಣಿ ಹಾಕಿದರು. ಶಾಂತಪ್ಪನವರು ಮಾತಿಗೆ ತಪ್ಪಲಿಲ್ಲ. ಹತ್ತಕ್ಕೆ ಒಂದು ನಿಮಿಷ ಮುಂಚೆ ಹತ್ತಿಸಲಿಲ್ಲ, ಒಂದು ನಿಮಿಷ ತಡವನ್ನೂ ಮಾಡಲಿಲ್ಲ. ಚಿಕ್ಕಮ್ಮ ಹೊಸ್ತಿಲ ಮೇಲಿದ್ದ ಹೂವನ್ನು ಎತ್ತಿ ಕಣ್ಣಿಗೊತ್ತಿಕೊಂಡು ಮುಡಿದುಕೊಳ್ಳಲಿಕ್ಕೆಂದು ನನಗೆ ಕೊಟ್ಟರು. ಓಣಿಯ ತಿರುವಿನವರೆಗೆ ಹಿಂತಿರುಗಿ ನೋಡದೆ ನನ್ನ ಮುಂದೆ ನಡೆದರು.

ಮಧ್ಯಾಹ್ನದ ಹೊತ್ತಿಗೆ ಮನೆ ಸೇರಿದೆ. ಮೊಸರಿನ ಪಾತ್ರೆ ಹಾಗೇ ಇತ್ತು, ಕಂಡಿರಲಿಲ್ಲವಂತೆ. ಸೀರೆ ಬಿಚ್ಚಿ ಬಕೆಟಿಗೆ ಹಾಕಿದೆ. ನೀರು ಹೆಂಚಿನ ಕೆಂಪಾಯಿತು. ಚೆಲ್ಲಲು ಮನಸ್ಸಾಗದೆ ಆ ನೀರನ್ನು ಕರಿಬೇವಿನ ಬುಡಕ್ಕೆ ಸುರಿದೆ. ಎರಡನೇ ನೀರೂ ಕೆಂಪಾಗಿಯೇ ಬಂತು. ಸೆರಗು ಕುಕ್ಕುತ್ತಾ ಮೂರನೇ ಬಕೆಟಿಗೆ ನಲ್ಲಿ ಬಿಟ್ಟೆ.